ಹಲ್ಲೊಂದರಿಂದ ಡೈನೋಸಾರ್ ಪತ್ತೆ ಹಚ್ಚಿದ ಊರ ಡಾಕ್ಟರ್: ಗಿಡಿಯನ್ ಮ್ಯಾಂಟೆಲ್

ಡೈನೋಸಾರ್‌ಗಳ ಬಗ್ಗೆ ಆಸಕ್ತಿ ಇರುವವರು ಒಂದಲ್ಲ ಒಂದು ಕಡೆ ಈ ಕತೆಯನ್ನು ಓದಿರುತ್ತಾರೆ. 1822ರಲ್ಲಿ ಇಂಗ್ಲೆಂಡಿನ ಡಾಕ್ಟರೊಬ್ಬರು ರೋಗಿಯನ್ನು ನೋಡಲು ಪಕ್ಕದ ಊರಿಗೆ ಹೋಗಿದ್ದರು. ಜೊತೆಗೆ ಬಂದಿದ್ದ ಹೆಂಡತಿ ಹೊರಗೆ ಕಾಯುತ್ತ ಅಡ್ಡಾಡುವಾಗ, ರಸ್ತೆ ರಿಪೇರಿಗೆ ಸುರಿದಿದ್ದ ಕಲ್ಲಿನ ರಾಶಿಯಲ್ಲಿ ಹೊಳೆಯುವ ಒಂದು ದೊಡ್ಡ ಹಲ್ಲು ಕಣ್ಣಿಗೆ ಬಿತ್ತು. ಆ ಹಲ್ಲಿನಿಂದಲೇ ಇಗ್ವಾನೊಡಾನ್ ಎಂಬ ಡೈನೋಸಾರ್ ಪತ್ತೆಯಾಯಿತು.

ಕತೆ ಚೆನ್ನಾಗಿದೆ. ಮೊದಲ ಸಲ ಓದಿದಾಗ ನಾವೂ ಮರುಮಾತಿಲ್ಲದೆ ನಂಬಿದ್ದೆವು. ಆದರೆ ಆ ಡಾಕ್ಟರ್ ಬಿಟ್ಟುಹೋದ ಟಿಪ್ಪಣಿಗಳನ್ನು ಇತಿಹಾಸಕಾರರು ತಾಳೆ ನೋಡಿದಾಗ, ಕತೆಯ ಹಲವು ಎಳೆಗಳು ಸಡಿಲವಾದವು. ಡಾಕ್ಟರ್ ಹೆಸರು ಗಿಡಿಯನ್ ಮ್ಯಾಂಟೆಲ್. ಸುಣ್ಣಕಲ್ಲಿನ ಗುಡ್ಡಗಳ ಊರಿನಲ್ಲಿ ಜ್ವರ, ಹೆರಿಗೆ ನೋಡಿಕೊಂಡಿದ್ದ ಮನುಷ್ಯ, ಯಾರೂ ಕಂಡಿರದ ಒಂದು ಪ್ರಾಣಿಯನ್ನು ಬರೀ ಹಲ್ಲಿನಿಂದ ಊಹಿಸಿದ್ದು ಹೇಗೆ? ಆ ಊಹೆಯಲ್ಲಿ ಸರಿ ಎಷ್ಟು, ತಪ್ಪು ಎಷ್ಟು? ಇದನ್ನು ತಿಳಿದರೆ, ಪಳೆಯುಳಿಕೆಗಳಿಂದ ವಿಜ್ಞಾನಿಗಳು ಹಳೆಯ ಕಾಲದ ಬದುಕನ್ನು ಓದುವುದು ಹೇಗೆ ಎಂಬುದೂ ಅರ್ಥವಾಗುತ್ತದೆ.

ಬೂಟು ಹೊಲಿಯುವವರ ಮಗ

ಮ್ಯಾಂಟೆಲ್ ಹುಟ್ಟಿದ್ದು 1790ರ ಫೆಬ್ರವರಿ 3ರಂದು, ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಲೂಯಿಸ್ ಎಂಬ ಪಟ್ಟಣದಲ್ಲಿ. ತಂದೆ ಬೂಟು ಹೊಲಿಯುವ ಕಸುಬಿನವರು. ಮನೆಯವರು ಮೆಥಡಿಸ್ಟ್ ಪಂಥಕ್ಕೆ ಸೇರಿದ್ದರು. ಊರಿನ ಒಳ್ಳೆಯ ಶಾಲೆ ಆಂಗ್ಲಿಕನ್ ಚರ್ಚಿನವರ ಮಕ್ಕಳಿಗೆ ಮೀಸಲಾಗಿದ್ದರಿಂದ ಹುಡುಗನಿಗೆ ಅಲ್ಲಿ ಜಾಗ ಸಿಗಲಿಲ್ಲ. ಬೇರೆ ಸಣ್ಣ ಶಾಲೆಗಳಲ್ಲಿ ಕಲಿತು, 15ನೇ ವಯಸ್ಸಿಗೆ ಊರಿನ ಒಬ್ಬ ಸರ್ಜನ್ ಬಳಿ ಕೆಲಸ ಕಲಿಯಲು ಸೇರಿಕೊಂಡರು. ಔಷಧಿ ಅರೆಯುವುದು, ಶೀಸೆ ತೊಳೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇಲ್ಲಿಂದ ಅವರ ವೈದ್ಯ ವೃತ್ತಿ ಶುರುವಾಯಿತು.

ಆಮೇಲೆ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಓದಿ, 1811ರಲ್ಲಿ ಸರ್ಜನ್ ಆಗಿ ಅರ್ಹತೆ ಪಡೆದು ಲೂಯಿಸ್‌ಗೆ ಮರಳಿದರು. ಸಿಡುಬು, ವಿಷಮಶೀತ ಜ್ವರಗಳ ಕಾಲ ಅದು. ರಾತ್ರಿ ಹೆರಿಗೆಗೆ ಕರೆ ಬಂದರೆ ಕುದುರೆ ಏರಿ ಹೊರಡಬೇಕು. ವರ್ಷಕ್ಕೆ ನೂರಾರು ಹೆರಿಗೆ ಮಾಡಿಸುತ್ತಿದ್ದ ಅವರಿಗೆ ಸುತ್ತಲಿನ ಹಳ್ಳಿಗಳಲ್ಲಿ ಒಳ್ಳೆಯ ಹೆಸರಿತ್ತು. ಉಳಿದ ಸಮಯವೆಲ್ಲ ಕಲ್ಲುಗಳಿಗೆ. ಚಿಕ್ಕಂದಿನಿಂದಲೇ ಅವರಿಗೆ ಪಳೆಯುಳಿಕೆಗಳ ಹುಚ್ಚು ಹಿಡಿದಿತ್ತು.

1816ರಲ್ಲಿ ಮೇರಿ ಆನ್ ವುಡ್‌ಹೌಸ್ ಅವರೊಂದಿಗೆ ಮದುವೆಯಾಯಿತು. ಮೇರಿ ಆನ್ ಕೂಡ ಈ ಹುಚ್ಚಿನಲ್ಲಿ ಪಾಲುದಾರರಾದರು. 1822ರಲ್ಲಿ ಮ್ಯಾಂಟೆಲ್ ಸಸೆಕ್ಸ್‌ನ ಪಳೆಯುಳಿಕೆಗಳ ಬಗ್ಗೆ ತಮ್ಮ ಮೊದಲ ದೊಡ್ಡ ಪುಸ್ತಕ ಹೊರತಂದಾಗ, ಅದರ ಚಿತ್ರಫಲಕಗಳನ್ನು ಕೆತ್ತಿದವರು ಮೇರಿ ಆನ್. ಮುನ್ನೂರಕ್ಕೂ ಹೆಚ್ಚು ಚಿತ್ರಗಳು. ಅವರು ಹಲ್ಲು ಕಂಡದ್ದು ನಿಜವೋ ಸುಳ್ಳೋ, ಈ ಕೆಲಸ ಮಾತ್ರ ಅಚ್ಚಾಗಿ ಉಳಿದಿದೆ. ಜನಪ್ರಿಯ ಕತೆಯಲ್ಲಿ ಇದರ ಪ್ರಸ್ತಾಪ ಬರುವುದು ಅಪರೂಪ.

ರಸ್ತೆ ಬದಿಯ ಹಲ್ಲು: ಕತೆ ಎಷ್ಟು ನಿಜ?

ಕಕ್‌ಫೀಲ್ಡ್ ಎಂಬ ಊರಿನ ಹತ್ತಿರ ವೈಟ್‌ಮನ್ಸ್ ಗ್ರೀನ್ ಎಂಬಲ್ಲಿ ಒಂದು ಕಲ್ಲಿನ ಕ್ವಾರಿ ಇತ್ತು. ಅಲ್ಲಿ ಸಿಗುವ ದೊಡ್ಡ ಮೂಳೆಗಳು 1820ರಿಂದಲೇ ಮ್ಯಾಂಟೆಲ್ ಕೈಗೆ ಬರುತ್ತಿದ್ದವು ಎಂದು ಅವರ ಟಿಪ್ಪಣಿಗಳು ತೋರಿಸುತ್ತವೆ. ಮೊದಲು ಅವರು ಅದನ್ನು ಭಾರಿ ಮೊಸಳೆ ಇರಬಹುದು ಎಂದುಕೊಂಡಿದ್ದರು. 1821ರ ಹೊತ್ತಿಗೆ ಸೊಪ್ಪು ತಿನ್ನುವ ಪ್ರಾಣಿಯ ಹಲ್ಲುಗಳ ವಿಷಯ ಅವರ ಬರಹದಲ್ಲಿ ಬರುತ್ತದೆ. ಅಂದರೆ, ಕತೆ ನಡೆಯಿತೆನ್ನಲಾದ 1822ಕ್ಕೂ ಮೊದಲೇ ಅವರಿಗೆ ಈ ಹಲ್ಲುಗಳು ಗೊತ್ತಿದ್ದವು.

ಹಾಗಾದರೆ ಹೆಂಡತಿಯ ಕತೆ ಎಲ್ಲಿಂದ ಬಂತು? ಅದರ ಮೂಲವೂ ಮ್ಯಾಂಟೆಲ್ ಅವರೇ. 1827ರಲ್ಲಿ ಮತ್ತು 1833ರಲ್ಲಿ ಮೊದಲ ಹಲ್ಲುಗಳನ್ನು ಕಂಡವರು ತಮ್ಮ ಪತ್ನಿ ಎಂದು ಅವರು ಬರೆದರು. 1851ರಲ್ಲಿ ತಾವೇ ಕಂಡೆವು ಎಂದರು. ಈ ನಡುವೆ ಇಬ್ಬರ ಸಂಸಾರ ಮುರಿದುಬಿದ್ದಿತ್ತು. ಯಾವ ಮಾತನ್ನು ನಂಬಬೇಕು ಎಂಬುದರಲ್ಲಿ ಇತಿಹಾಸಕಾರರಿಗೆ ಇಂದಿಗೂ ಒಮ್ಮತವಿಲ್ಲ. ರೋಗಿಯ ಮನೆ, ರಸ್ತೆಯ ಕಲ್ಲಿನ ರಾಶಿ ಎಂಬ ವಿವರಗಳಿಗಂತೂ ಆ ಕಾಲದ ದಾಖಲೆಯ ಬೆಂಬಲವಿಲ್ಲ. ಮೇರಿ ಆನ್ ಒಂದು ಹಲ್ಲನ್ನು ಕಂಡಿರಬಹುದು. ಆದರೆ ಒಂದೇ ದಿನ, ಒಂದೇ ಹಲ್ಲಿನಿಂದ ಎಲ್ಲವೂ ಶುರುವಾಯಿತು ಎನ್ನುವಂತಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಅಂಥ ಹಲ್ಲು, ಮೂಳೆಗಳಲ್ಲಿ ಹೆಚ್ಚಿನವನ್ನು ಬಂಡೆಯಿಂದ ಹೊರತೆಗೆದವರು ಕ್ವಾರಿಯ ಕೂಲಿಯಾಳುಗಳು. ಮ್ಯಾಂಟೆಲ್ ಅವರಿಗೆ ಹಣ ಕೊಟ್ಟು ತರಿಸಿಕೊಳ್ಳುತ್ತಿದ್ದರು. ಯಾವ ಕಲ್ಲಿನಲ್ಲಿ ಮೂಳೆ ಇದೆ, ಯಾವುದರಲ್ಲಿ ಇಲ್ಲ ಎಂದು ಗುರುತಿಸುವ ಕಣ್ಣು ಆ ಕೆಲಸಗಾರರದು.

ಒಂದು ಹಲ್ಲು ಏನೇನು ಹೇಳುತ್ತದೆ?

ಪಳೆಯುಳಿಕೆ ಎಂದರೆ ಹಳೆಯ ಮೂಳೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಷ್ಟೇ ಅಲ್ಲ. ಸತ್ತ ಪ್ರಾಣಿಯ ದೇಹ ಬೇಗನೆ ಹೂಳಿನಲ್ಲಿ ಮುಚ್ಚಿಹೋದರೆ, ಮೆದು ಭಾಗಗಳು ಕೊಳೆತು ಗಟ್ಟಿ ಭಾಗಗಳು ಉಳಿಯುತ್ತವೆ. ನೆಲದೊಳಗಿನ ನೀರಿನಲ್ಲಿ ಕರಗಿದ ಖನಿಜಗಳು ಮೂಳೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ತುಂಬಿಕೊಳ್ಳುತ್ತವೆ. ಹೂಳು ಬಂಡೆಯಾಗುತ್ತದೆ, ಮೂಳೆ ಕಲ್ಲಿನಷ್ಟು ಭಾರವಾಗುತ್ತದೆ. ಹೀಗಾಗುವ ಅವಕಾಶ ತೀರ ಕಡಿಮೆ. ಅದರಲ್ಲಿ ಹಲ್ಲಿಗೆ ಎರಡು ಅನುಕೂಲಗಳಿವೆ. ಅದರ ಮೇಲಿನ ಎನಾಮೆಲ್ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಜೊತೆಗೆ, ಸರೀಸೃಪಗಳಿಗೆ ನಮ್ಮಂತೆ ಎರಡೇ ಸಲ ಹಲ್ಲು ಬರುವುದಲ್ಲ, ಜೀವನವಿಡೀ ಬಿದ್ದು ಹೊಸದು ಹುಟ್ಟುತ್ತಿರುತ್ತದೆ. ಹಾಗಾಗಿ ಒಂದೇ ಪ್ರಾಣಿ ನೂರಾರು ಹಲ್ಲುಗಳನ್ನು ಬಿಟ್ಟುಹೋಗಬಲ್ಲದು.

ಮ್ಯಾಂಟೆಲ್ ಕೈಯಲ್ಲಿದ್ದ ಹಲ್ಲುಗಳ ವಿಶೇಷ ಎಂದರೆ ಅವುಗಳ ಸವೆತ. ಬೇಟೆಯಾಡುವ ಪ್ರಾಣಿಯ ಹಲ್ಲು ಚೂಪಾಗಿ, ಚಾಕುವಿನಂತೆ ಇರುತ್ತದೆ. ಇವು ಅಗಲವಾಗಿದ್ದವು, ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲಿನ ಸಾಲಿತ್ತು, ಕೆಲವಂತೂ ಮೇಲ್ಭಾಗ ಚಪ್ಪಟೆಯಾಗುವಷ್ಟು ತೇದುಹೋಗಿದ್ದವು. ಗಡಸು ಸೊಪ್ಪನ್ನು ಅಗಿದು ಅಗಿದು ಹಸುವಿನ ಹಲ್ಲು ಸವೆಯುವುದನ್ನು ನೋಡಿದ್ದೇವಲ್ಲ, ಅದೇ ರೀತಿ. ಅಂದರೆ ಇದು ಸಸ್ಯಾಹಾರಿ, ಅದೂ ಅಗಿಯುವ ಪ್ರಾಣಿ.

ತೊಡಕು ಶುರುವಾದದ್ದು ಇಲ್ಲೇ. ಆಗ ತಿಳಿದಿದ್ದ ಸರೀಸೃಪಗಳು ಆಹಾರವನ್ನು ಹರಿದು ನುಂಗುತ್ತಿದ್ದವು, ಹಸುವಿನಂತೆ ಅಗಿಯುತ್ತಿರಲಿಲ್ಲ. ಅಗಿಯುವುದು ಸಸ್ತನಿಗಳ ಗುಣ. ಹಾಗಾದರೆ ಇದು ಯಾವುದೋ ದೊಡ್ಡ ಸಸ್ತನಿಯ ಹಲ್ಲೇ? ಆದರೆ ಹಲ್ಲು ಸಿಕ್ಕ ಬಂಡೆ ತುಂಬಾ ಹಳೆಯದು. ಹಳೆಯ ಪೇಪರ್ ಕಟ್ಟಿನಲ್ಲಿ ಕೆಳಗಿರುವುದು ಮೊದಲಿನದು, ಮೇಲಿರುವುದು ಇತ್ತೀಚಿನದು. ಬಂಡೆಯ ಪದರಗಳೂ ಸಾಮಾನ್ಯವಾಗಿ ಹಾಗೆಯೇ. ಕಕ್‌ಫೀಲ್ಡ್‌ನ ಮರಳುಗಲ್ಲು ಸುಣ್ಣಕಲ್ಲಿನ ಪದರಕ್ಕಿಂತಲೂ ಕೆಳಗಿನದು. ಅಷ್ಟು ಹಳೆಯ ಪದರದಲ್ಲಿ ದೊಡ್ಡ ಸಸ್ತನಿ ಎಂದೂ ಸಿಕ್ಕಿರಲಿಲ್ಲ. ಇಂದಿನ ಲೆಕ್ಕದಲ್ಲಿ ಆ ಬಂಡೆಗಳಿಗೆ 13 ಕೋಟಿಗೂ ಹೆಚ್ಚು ವರ್ಷ. ಹಲ್ಲು ಸಸ್ತನಿ ಎನ್ನುತ್ತದೆ, ಬಂಡೆ ಅಲ್ಲ ಎನ್ನುತ್ತದೆ. ಎರಡನ್ನೂ ಒಪ್ಪಿದರೆ ಉಳಿಯುವ ದಾರಿ ಒಂದೇ: ಹಿಂದೆಂದೂ ಕಾಣದ, ಸೊಪ್ಪು ಅಗಿಯುವ ಭಾರಿ ಸರೀಸೃಪ.

ದೊಡ್ಡವರು ಒಪ್ಪಲಿಲ್ಲ

1822ರಲ್ಲಿ ಮ್ಯಾಂಟೆಲ್ ಹಲ್ಲುಗಳನ್ನು ಲಂಡನ್ನಿನ ಭೂವಿಜ್ಞಾನ ಸಂಘಕ್ಕೆ ಒಯ್ದರು. ಅಲ್ಲಿದ್ದ ಪರಿಣತರಲ್ಲಿ ಹೆಚ್ಚಿನವರು, ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ಸೇರಿ, ಇದರಲ್ಲಿ ವಿಶೇಷವೇನೂ ಇಲ್ಲ ಎಂದರು. ಯಾವುದೋ ದೊಡ್ಡ ಮೀನಿನದಿರಬಹುದು, ಇಲ್ಲವೇ ಮೇಲಿನ ಹೊಸ ಪದರದಲ್ಲಿ ಸಿಕ್ಕ ಸಸ್ತನಿಯದಿರಬಹುದು ಎಂಬ ಅಭಿಪ್ರಾಯ. ಮುಂದುವರಿಯಿರಿ ಎಂದು ಹುರಿದುಂಬಿಸಿದವರು ವಿಲಿಯಂ ವೊಲಸ್ಟನ್ ಎಂಬ ವಿಜ್ಞಾನಿ ಒಬ್ಬರೇ.

ಮುಂದಿನ ವರ್ಷ ಗೆಳೆಯ ಚಾರ್ಲ್ಸ್ ಲಯೆಲ್ ಒಂದು ಹಲ್ಲನ್ನು ಪ್ಯಾರಿಸ್‌ಗೆ ಒಯ್ದು ಜಾರ್ಜ್ ಕುವಿಯೇ ಅವರಿಗೆ ತೋರಿಸಿದರು. ಒಂದು ಮೂಳೆ ನೋಡಿ ಇಡೀ ಪ್ರಾಣಿಯನ್ನು ಹೇಳಬಲ್ಲರು ಎಂದು ಯುರೋಪಿನಲ್ಲೆಲ್ಲ ಕುವಿಯೇ ಅವರಿಗೆ ಖ್ಯಾತಿ. ಅವರ ಉತ್ತರ: ಇದು ಘೇಂಡಾಮೃಗದ ಮೇಲ್ದವಡೆಯ ಮುಂದಿನ ಹಲ್ಲು. ಊರ ಡಾಕ್ಟರೊಬ್ಬರ ಊಹೆಯ ಎದುರು ಇಂಥವರ ಮಾತು ಬಂದರೆ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ.

ಮ್ಯಾಂಟೆಲ್ ಬಿಡಲಿಲ್ಲ. ಇನ್ನಷ್ಟು ಹಲ್ಲುಗಳನ್ನು ಕೂಡಿಸಿದರು. ಹೊಸದಾಗಿ ಹುಟ್ಟಿದ್ದು, ಅರ್ಧ ಸವೆದದ್ದು, ಪೂರ್ತಿ ತೇದದ್ದು, ಹೀಗೆ ಬೇರೆ ಬೇರೆ ಹಂತದವು. ಇವನ್ನು 1824ರಲ್ಲಿ ಮತ್ತೆ ಕುವಿಯೇ ಅವರಿಗೆ ಕಳಿಸಿದಾಗ ಅವರು ತಮ್ಮ ಮೊದಲಿನ ಅಭಿಪ್ರಾಯ ತಪ್ಪು ಎಂದು ಒಪ್ಪಿ, ಇದು ಸಸ್ಯಾಹಾರಿ ಸರೀಸೃಪ ಇರಬಹುದು ಎಂದು ಬರೆದರು. ಅದನ್ನು ಅಚ್ಚಿನಲ್ಲೂ ಹೇಳಿದರು. ಅಷ್ಟು ದೊಡ್ಡ ಹೆಸರಿನವರು ಬಹಿರಂಗವಾಗಿ ತಪ್ಪು ಒಪ್ಪಿಕೊಂಡದ್ದು ಮ್ಯಾಂಟೆಲ್ ಬದುಕಿನ ತಿರುವು.

ಇಗ್ವಾನದ ಅಸ್ಥಿಪಂಜರ

ಅದೇ ವರ್ಷ ಮ್ಯಾಂಟೆಲ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಹಂಟೇರಿಯನ್ ಮ್ಯೂಸಿಯಂಗೆ ಹೋದರು. ಅಲ್ಲಿನ ಸಂಗ್ರಹದಲ್ಲಿ ತಮ್ಮ ಹಲ್ಲಿಗೆ ಹೋಲುವುದನ್ನು ಹುಡುಕುವುದು ಉದ್ದೇಶ. ಎಷ್ಟು ಹುಡುಕಿದರೂ ಸಿಗಲಿಲ್ಲ. ಆಗ ಅಲ್ಲಿ ಸಹಾಯಕರಾಗಿದ್ದ ಸ್ಯಾಮ್ಯುಯೆಲ್ ಸ್ಟಚ್‌ಬರಿ ತಾವು ಸಿದ್ಧಪಡಿಸಿದ್ದ ಒಂದು ಇಗ್ವಾನದ ಅಸ್ಥಿಪಂಜರವನ್ನು ತೋರಿಸಿದರು. ಇಗ್ವಾನ ಎಂದರೆ ಅಮೆರಿಕ ಖಂಡಗಳ ಬಿಸಿ ಸೀಮೆಗಳಲ್ಲಿ ಇರುವ, ನಮ್ಮ ಉಡದ ಗಾತ್ರಕ್ಕೆ ಬೆಳೆಯುವ, ಸೊಪ್ಪು ತಿನ್ನುವ ಹಲ್ಲಿ. ಅದರ ಪುಟ್ಟ ಹಲ್ಲುಗಳ ಅಂಚಿನಲ್ಲಿ ಗರಗಸದಂಥ ಸಾಲು. ಆಕಾರ ಮ್ಯಾಂಟೆಲ್ ಹಲ್ಲಿನದೇ, ಗಾತ್ರ ಮಾತ್ರ ಚಿಕ್ಕದು.

1825ರ ಫೆಬ್ರವರಿಯಲ್ಲಿ ಮ್ಯಾಂಟೆಲ್ ಅವರ ಪ್ರಬಂಧ ರಾಯಲ್ ಸೊಸೈಟಿಯ ಮುಂದೆ ಬಂತು. ಪ್ರಾಣಿಗೆ ಇಗ್ವಾನೊಡಾನ್ ಎಂದು ಹೆಸರಿಟ್ಟರು, ಇಗ್ವಾನದ ಹಲ್ಲುಳ್ಳದ್ದು ಎಂದು ಅರ್ಥ. ವರ್ಷದ ಹಿಂದಷ್ಟೇ ಬಕ್‌ಲ್ಯಾಂಡ್ ಮೆಗಲೊಸಾರಸ್ ಎಂಬ ಮಾಂಸಾಹಾರಿಗೆ ಹೆಸರಿಟ್ಟಿದ್ದರು. ನಾವು ಇಂದು ಡೈನೋಸಾರ್ ಎಂದು ಕರೆಯುವ ಪ್ರಾಣಿಗಳಲ್ಲಿ ವೈಜ್ಞಾನಿಕ ಹೆಸರು ಪಡೆದದ್ದರಲ್ಲಿ ಅದು ಮೊದಲನೆಯದು, ಇಗ್ವಾನೊಡಾನ್ ಎರಡನೆಯದು. ವರ್ಷದ ಕೊನೆಯಲ್ಲಿ ಬೂಟು ಹೊಲಿಯುವವರ ಮಗ ರಾಯಲ್ ಸೊಸೈಟಿಯ ಸದಸ್ಯರಾದರು.

ಇಲ್ಲಿ ಮ್ಯಾಂಟೆಲ್ ಒಂದು ತಪ್ಪು ಲೆಕ್ಕವನ್ನೂ ಹಾಕಿದರು. ಇಗ್ವಾನದ ಹಲ್ಲಿಗಿಂತ ಈ ಹಲ್ಲು ಎಷ್ಟು ಪಟ್ಟು ದೊಡ್ಡದೋ, ಇಗ್ವಾನದ ದೇಹಕ್ಕಿಂತ ಈ ದೇಹವೂ ಅಷ್ಟೇ ಪಟ್ಟು ದೊಡ್ಡದು ಎಂದುಕೊಂಡರು. ಉದ್ದ ಸುಮಾರು 60 ಅಡಿ ಎಂದು ಬಂತು. ನಿಜಕ್ಕೂ ಅದು 30 ಅಡಿಯ ಆಸುಪಾಸಿನ ಪ್ರಾಣಿ. ಹಲ್ಲು ದೇಹದ ಅಳತೆಗೆ ಸರಿಯಾಗಿಯೇ ಬೆಳೆಯಬೇಕು ಎಂಬ ನಿಯಮವಿಲ್ಲ. ಇನ್ನೂ ಒಂದು ವಿಷಯ: ಇಗ್ವಾನೊಡಾನ್‌ಗೂ ಇಗ್ವಾನಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಇಬ್ಬರೂ ಸೊಪ್ಪು ತಿಂದರು, ಅದಕ್ಕೆ ತಕ್ಕ ಹಲ್ಲು ಇಬ್ಬರಿಗೂ ಬೇರೆ ಬೇರೆಯಾಗಿ ಬಂತು. ಇಂದು ಬದುಕಿರುವವುಗಳಲ್ಲಿ ಡೈನೋಸಾರ್‌ಗಳ ವಂಶದವು ಹಕ್ಕಿಗಳು, ಹಲ್ಲಿಗಳಲ್ಲ.

ಸಸೆಕ್ಸ್‌ನಲ್ಲಿ ಒಂದು ಬಿಸಿ ನಾಡು

ಮ್ಯಾಂಟೆಲ್ ಒಂದು ಪ್ರಾಣಿಯನ್ನು ಮಾತ್ರ ನೋಡಲಿಲ್ಲ. ಅದೇ ಪದರಗಳಲ್ಲಿ ಸಿಕ್ಕ ಆಮೆ, ಮೊಸಳೆ, ಸಿಹಿನೀರಿನ ಚಿಪ್ಪುಗಳು, ಜರೀಗಿಡಗಳ ಗುರುತುಗಳನ್ನೂ ಒಟ್ಟಿಗೆ ಇಟ್ಟು ಓದಿದರು. ಸಮುದ್ರದ ಜೀವಿಗಳು ಮೇಲಿನ ಸುಣ್ಣಕಲ್ಲಿನಲ್ಲಿ, ನದಿಯ ಜೀವಿಗಳು ಕೆಳಗಿನ ಮರಳುಗಲ್ಲಿನಲ್ಲಿ. ಅಂದರೆ ಸಸೆಕ್ಸ್ ಹಿಂದೊಮ್ಮೆ ದೊಡ್ಡ ನದಿಯೊಂದು ಹೂಳು ತಂದು ಸುರಿಯುತ್ತಿದ್ದ ಬಿಸಿ ನಾಡಾಗಿತ್ತು, ಆಮೇಲೆ ಅದರ ಮೇಲೆ ಸಮುದ್ರ ಬಂತು. 1831ರಲ್ಲಿ ಅವರು ಒಂದು ಲೇಖನ ಬರೆದು, ಸಸ್ತನಿಗಳಿಗೂ ಮೊದಲು ನೆಲ, ನೀರು ಎರಡನ್ನೂ ಸರೀಸೃಪಗಳೇ ಆಳಿದ ಕಾಲವೊಂದಿತ್ತು ಎಂದು ವಾದಿಸಿದರು. ಸರೀಸೃಪಗಳ ಯುಗ ಎಂದು ನಾವು ಈಗಲೂ ಬಳಸುವ ಮಾತಿಗೆ ಆ ಲೇಖನ ನೆಲೆ ಕೊಟ್ಟಿತು.

ಡೈನೋಸಾರ್ ಮತ್ತು ಮನುಷ್ಯ ಒಟ್ಟಿಗೆ ಬದುಕಿದ್ದರು ಎಂಬ ನಂಬಿಕೆಗೆ ಉತ್ತರ ಸಿಗುವುದೂ ಇಂಥ ಪದರಗಳಲ್ಲೇ. ಹಕ್ಕಿಗಳ ವಂಶ ಬಿಟ್ಟು ಉಳಿದ ಡೈನೋಸಾರ್‌ಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದವು. ನಮ್ಮ ಜಾತಿಯ ಮನುಷ್ಯರು ಬಂದು ಸುಮಾರು 3 ಲಕ್ಷ ವರ್ಷ.

ಮನೆಯೇ ಮ್ಯೂಸಿಯಂ ಆದಾಗ

1832ರಲ್ಲಿ ಟಿಲ್‌ಗೇಟ್ ಕಾಡಿನ ಕ್ವಾರಿಯೊಂದರಲ್ಲಿ ಮದ್ದು ಸಿಡಿಸಿದಾಗ ಬಂಡೆಯ ಚೂರುಗಳಲ್ಲಿ ಮೂಳೆಗಳು ಕಂಡವು. ಮ್ಯಾಂಟೆಲ್ ಆ ಚೂರುಗಳನ್ನೆಲ್ಲ ತರಿಸಿ, ಸೇರಿಸಿ, ಅಂಟಿಸಿದರು. ಮೈಮೇಲೆ ಮುಳ್ಳಿನ ಕವಚವಿದ್ದ ಆ ಪ್ರಾಣಿಗೆ ಮರುವರ್ಷ ಹೈಲಿಯೊಸಾರಸ್ ಎಂದು ಹೆಸರಿಟ್ಟರು. 1834ರಲ್ಲಿ ಮೇಡ್‌ಸ್ಟನ್ ಎಂಬ ಊರಿನ ಕ್ವಾರಿಯಲ್ಲಿ ಇಗ್ವಾನೊಡಾನ್ ಬಗೆಯ ಪ್ರಾಣಿಯ ಹಲವು ಮೂಳೆಗಳು ಒಂದೇ ಹಾಸುಗಲ್ಲಿನಲ್ಲಿ ಸಿಕ್ಕವು. ಗೆಳೆಯರು 25 ಪೌಂಡ್ ಕೂಡಿಸಿ ಅದನ್ನು ಕೊಂಡು ಅವರಿಗೆ ಕೊಟ್ಟರು. ಇಂದಿಗೂ ಮೇಡ್‌ಸ್ಟನ್ ಊರಿನ ಲಾಂಛನದಲ್ಲಿ ಇಗ್ವಾನೊಡಾನ್ ಇದೆ.

ಈ ಹೊತ್ತಿಗೆ ಮ್ಯಾಂಟೆಲ್ ಲೂಯಿಸ್ ಬಿಟ್ಟು ಬ್ರೈಟನ್‌ಗೆ ಬಂದಿದ್ದರು. ಶ್ರೀಮಂತರು ಬರುವ ಕಡಲ ತೀರದ ಊರು, ಅಲ್ಲಿ ವೃತ್ತಿಯೂ ಬೆಳೆದೀತು ಎಂಬ ಆಸೆ. ನಡೆದದ್ದೇ ಬೇರೆ. ಮನೆಗೆ ಜನ ಬರುತ್ತಿದ್ದರು, ಆದರೆ ಮೂಳೆಗಳನ್ನು ನೋಡಲು. ರೋಗಿಗಳು ಬರಲಿಲ್ಲ. ಮನೆ ಪೂರ್ತಿ ಮ್ಯೂಸಿಯಂ ಆಯಿತು, ಹೆಂಡತಿ ಮಕ್ಕಳಿಗೆ ಇರಲು ಜಾಗ ಉಳಿಯಲಿಲ್ಲ. ಸಾಲ ಬೆಳೆಯಿತು. 1838ರಲ್ಲಿ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ 4000 ಪೌಂಡಿಗೆ ಮಾರಿದರು. ಅವರು ಕೇಳಿದ್ದು 5000.

ಮರುವರ್ಷ ಮೇರಿ ಆನ್ ಮನೆ ಬಿಟ್ಟು ಹೋದರು. ಮಗ ವಾಲ್ಟರ್ ನ್ಯೂಜಿಲೆಂಡಿಗೆ ಹೊರಟರು. 1840ರಲ್ಲಿ ಮಗಳು ಹನ್ನಾ ತೀರಿಕೊಂಡರು. 1841ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕ್ಲಾಪಮ್‌ನಲ್ಲಿ ಕುದುರೆಗಾಡಿಯಿಂದ ಬಿದ್ದು, ಲಗಾಮಿಗೆ ಸಿಕ್ಕಿಕೊಂಡು ಎಳೆದೊಯ್ಯಲ್ಪಟ್ಟರು. ಬೆನ್ನಿಗೆ ಬಿದ್ದ ಆ ಪೆಟ್ಟಿನ ನೋವು ಸಾಯುವವರೆಗೆ ಹೋಗಲಿಲ್ಲ. ಪುಸ್ತಕಗಳನ್ನು ಓದುವವರಿಗೆ ಮ್ಯಾಂಟೆಲ್ ಗೆದ್ದವರು. ಮನೆಯವರ ಕಡೆಯಿಂದ ನೋಡಿದರೆ ಆ ಗೆಲುವಿಗೆ ಬೆಲೆ ಕೊಟ್ಟವರು ಬೇರೆಯವರೂ ಇದ್ದರು.

ಹೆಸರು ಇಟ್ಟವರು ಬೇರೆ

1842ರಲ್ಲಿ ಅಂಗರಚನಾ ತಜ್ಞ ರಿಚರ್ಡ್ ಓವನ್ ಮೂರು ಪ್ರಾಣಿಗಳನ್ನು ಒಂದು ಗುಂಪಿಗೆ ಸೇರಿಸಿ, ಅದಕ್ಕೆ ಡೈನೋಸಾರಿಯ ಎಂದು ಹೆಸರಿಟ್ಟರು. ಮೆಗಲೊಸಾರಸ್, ಇಗ್ವಾನೊಡಾನ್ ಮತ್ತು ಹೈಲಿಯೊಸಾರಸ್. ಮೂರರಲ್ಲಿ ಎರಡು ಮ್ಯಾಂಟೆಲ್ ಕಂಡವು. ಆದರೆ ಡೈನೋಸಾರ್ ಎಂಬ ಪದದ ಜೊತೆ ಇಂದು ನೆನಪಾಗುವುದು ಓವನ್ ಹೆಸರು.

ಓವನ್ ಮಾಡಿದ್ದು ಸುಮ್ಮನೆ ನಾಮಕರಣವಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಸೊಂಟದ ಬಳಿ ಬೆನ್ನುಮೂಳೆಯ ಮಣಿಗಳು ಬೆಸೆದುಕೊಂಡಿವೆ, ಕಾಲುಗಳು ಮೊಸಳೆಯಂತೆ ಪಕ್ಕಕ್ಕೆ ಚಾಚದೆ ದೇಹದ ಕೆಳಗೆ ನೇರವಾಗಿ ನಿಲ್ಲುತ್ತವೆ ಎಂದು ಅವರು ತೋರಿಸಿದರು. ಡೈನೋಸಾರ್ ಎಂದರೆ ಹಳೆಯ ಕಾಲದ ಯಾವುದೇ ದೊಡ್ಡ ಪ್ರಾಣಿ ಅಲ್ಲ ಎಂಬ ಮಾತಿಗೆ ಆಧಾರ ಇಂಥ ಗುರುತುಗಳೇ. ಕಡಲಲ್ಲಿ ಈಜುತ್ತಿದ್ದ ಇಕ್ತಿಯೊಸಾರ್, ಆಕಾಶದಲ್ಲಿ ಹಾರುತ್ತಿದ್ದ ಟೆರೊಸಾರ್ ಚಿತ್ರಗಳಿಗೆ ಈಗಲೂ ಡೈನೋಸಾರ್ ಎಂದು ಹೆಸರು ಬರೆಯುತ್ತಾರೆ. ಅವು ಡೈನೋಸಾರ್‌ಗಳಲ್ಲ. ಹಲ್ಲಿನ ಬದಲು ಬೆನ್ನುಮೂಳೆಯ ಮಣಿಗಳಿಂದ ಲೆಕ್ಕ ಹಾಕಿದ ಓವನ್, ಇಗ್ವಾನೊಡಾನ್ ಉದ್ದವನ್ನು 28 ಅಡಿಗೆ ಇಳಿಸಿದರು. ಅದು ಮ್ಯಾಂಟೆಲ್ ಲೆಕ್ಕಕ್ಕಿಂತ ಸತ್ಯಕ್ಕೆ ಹತ್ತಿರ.

ಆದರೆ ಓವನ್ ಕಲ್ಪನೆಯ ಇಗ್ವಾನೊಡಾನ್ ಘೇಂಡಾಮೃಗದಂತೆ ನಾಲ್ಕು ದಪ್ಪ ಕಾಲುಗಳ ಮೇಲೆ ನಿಂತಿತ್ತು. ಕೊನೆಯ ವರ್ಷಗಳಲ್ಲಿ ಮ್ಯಾಂಟೆಲ್ ಹೊಸ ಮೂಳೆಗಳನ್ನು ನೋಡಿ, ಅದರ ಮುಂಗಾಲು ತೆಳ್ಳಗಿತ್ತು, ದೇಹ ಅಷ್ಟು ಸ್ಥೂಲವಾಗಿರಲಿಲ್ಲ ಎಂದು ವಾದಿಸಿದರು. ಈ ವಿಷಯದಲ್ಲಿ ಸರಿ ಇದ್ದವರು ಅವರು. 1849ರಲ್ಲಿ ರಾಯಲ್ ಸೊಸೈಟಿ ಅವರಿಗೆ ರಾಯಲ್ ಮೆಡಲ್ ಕೊಟ್ಟಿತು. ಓವನ್ ಅದನ್ನು ವಿರೋಧಿಸಿದ್ದರು.

1852ರ ನವೆಂಬರ್ 10ರಂದು ಮ್ಯಾಂಟೆಲ್ ತೀರಿಕೊಂಡರು. ಬೆನ್ನುನೋವು ತಡೆಯಲು ತೆಗೆದುಕೊಳ್ಳುತ್ತಿದ್ದ ಅಫೀಮು ಮಿತಿ ಮೀರಿತ್ತು. ಅದರ ನಂತರ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಬಂದ ಶ್ರದ್ಧಾಂಜಲಿ ಲೇಖನ ಅವರ ಕೆಲಸವನ್ನು ಹಗುರ ಮಾಡಿ ಬರೆದಿತ್ತು. ಅದನ್ನು ಬರೆದವರು ಓವನ್ ಎಂದು ಬಹುತೇಕ ಇತಿಹಾಸಕಾರರು ನಂಬುತ್ತಾರೆ. ಮರಣೋತ್ತರ ಪರೀಕ್ಷೆಯಲ್ಲಿ ಮ್ಯಾಂಟೆಲ್ ಬೆನ್ನುಮೂಳೆ ವಿಪರೀತ ಬಾಗಿರುವುದು ಕಂಡಿತು. ಆ ಭಾಗವನ್ನು ತೆಗೆದು ಹಂಟೇರಿಯನ್ ಮ್ಯೂಸಿಯಂನಲ್ಲಿ ಇಟ್ಟರು. ಇಗ್ವಾನದ ಅಸ್ಥಿಪಂಜರ ಅವರಿಗೆ ಸಿಕ್ಕಿದ್ದು ಅದೇ ಮ್ಯೂಸಿಯಂನಲ್ಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದ ಅದನ್ನು 1969ರಲ್ಲಿ ಜಾಗದ ಕೊರತೆಯಿಂದ ನಾಶ ಮಾಡಲಾಯಿತು.

ಮೂಗಿನ ಕೊಂಬು ಹೆಬ್ಬೆರಳಾದದ್ದು

ಮ್ಯಾಂಟೆಲ್ ಮಾಡಿದ ಎಲ್ಲಕ್ಕಿಂತ ಪ್ರಸಿದ್ಧವಾದ ತಪ್ಪು ಇನ್ನೊಂದಿದೆ. ಮೂಳೆಗಳ ಜೊತೆ ಕೋಡಿನಂಥ ಚೂಪು ಮೂಳೆಯೊಂದು ಸಿಕ್ಕಿತ್ತು. ಅವರು ಅದನ್ನು ಪ್ರಾಣಿಯ ಮೂಗಿನ ಮೇಲೆ ಇಟ್ಟರು. ಕೆಲವು ಇಗ್ವಾನಗಳ ಮೂಗಿನ ಮೇಲೆ ಸಣ್ಣ ಕೊಂಬಿನಂಥದ್ದು ಇರುವುದರಿಂದ ಆ ಊಹೆ ಅಸಂಬದ್ಧವೇನೂ ಆಗಿರಲಿಲ್ಲ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ನಿರ್ಮಿಸಿದ ಭಾರಿ ಪ್ರತಿಮೆಗಳಲ್ಲಿ ಓವನ್‌ರ ದಪ್ಪ ದೇಹವೂ ಇತ್ತು, ಮ್ಯಾಂಟೆಲ್‌ರ ಮೂಗಿನ ಕೊಂಬೂ ಇತ್ತು. ಆ ಪ್ರತಿಮೆಗಳು ಈಗಲೂ ಅಲ್ಲಿವೆ.

1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಎಂಬಲ್ಲಿ ಕಲ್ಲಿದ್ದಲು ಗಣಿಯ ಕಾರ್ಮಿಕರಿಗೆ 322 ಮೀಟರ್ ಆಳದಲ್ಲಿ 30ಕ್ಕೂ ಹೆಚ್ಚು ಇಗ್ವಾನೊಡಾನ್‌ಗಳ ಮೂಳೆಗಳು ಸಿಕ್ಕವು. ಹಲವು ಅಸ್ಥಿಪಂಜರಗಳು ಬಹುಪಾಲು ಪೂರ್ತಿಯಾಗಿದ್ದವು. ಲೂಯಿ ಡೊಲೊ ಎಂಬ ವಿಜ್ಞಾನಿ ಅವನ್ನು ಜೋಡಿಸಿ ಅಧ್ಯಯನ ಮಾಡಿದಾಗ ಚೂಪು ಮೂಳೆಯ ಗುಟ್ಟು ಬಯಲಾಯಿತು. ಪ್ರತಿ ಪ್ರಾಣಿಗೂ ಅಂಥವು ಎರಡು, ಒಂದೊಂದು ಕೈಗೆ ಒಂದೊಂದು. ಅದು ಕೊಂಬಲ್ಲ, ಹೆಬ್ಬೆರಳು. ಡೊಲೊ ತಮ್ಮ ಇಗ್ವಾನೊಡಾನ್‌ಗಳನ್ನು ಕಾಂಗರೂವಿನಂತೆ ಬಾಲದ ಮೇಲೆ ಭಾರ ಹಾಕಿ ನೆಟ್ಟಗೆ ನಿಲ್ಲಿಸಿದರು. ನೂರು ವರ್ಷದ ನಂತರ, 1980ರಲ್ಲಿ ಡೇವಿಡ್ ನಾರ್ಮನ್ ಅದೇ ಅಸ್ಥಿಪಂಜರಗಳನ್ನು ಮತ್ತೆ ನೋಡಿ, ಬಾಲ ಗಟ್ಟಿ ನರಗಳಿಂದ ಬಿಗಿದು ನೇರವಾಗಿತ್ತು, ಹಾಗೆ ಬಗ್ಗಿಸಿದರೆ ಮುರಿದೇ ಹೋಗಬೇಕು ಎಂದು ತೋರಿಸಿದರು. ಬೆನ್ನು ನೆಲಕ್ಕೆ ಸಮಾನಾಂತರ, ನಡಿಗೆ ಹೆಚ್ಚಾಗಿ ನಾಲ್ಕು ಕಾಲಿನಲ್ಲಿ, ಬೇಕಾದಾಗ ಎರಡು ಕಾಲಿನಲ್ಲಿ. ಇದು ಇಂದಿನ ಚಿತ್ರ.

ಹೀಗೆ ಇಗ್ವಾನೊಡಾನ್ ಕನಿಷ್ಠ ಮೂರು ಸಲ ರೂಪ ಬದಲಿಸಿತು. ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ, ಇವರನ್ನು ನಂಬುವುದು ಹೇಗೆ ಎಂದು ಕೇಳುವವರಿಗೆ ನಾವು ಇದನ್ನೇ ತೋರಿಸುತ್ತೇವೆ. ಹಲ್ಲು ಬದಲಾಗಲಿಲ್ಲ, ಬಂಡೆ ಬದಲಾಗಲಿಲ್ಲ. ಅಂದು ಅವುಗಳಿಂದ ಹೊರಟ ಮುಖ್ಯ ತೀರ್ಮಾನಗಳೂ ಬದಲಾಗಲಿಲ್ಲ: ಅದು ಸರೀಸೃಪ, ಅದು ಸಸ್ಯಾಹಾರಿ, ಅದು ಅಗಿದು ತಿನ್ನುತ್ತಿತ್ತು, ಅದು ಬದುಕಿದ್ದು ತೀರ ಹಳೆಯ ಕಾಲದಲ್ಲಿ. ಬದಲಾದದ್ದು ಸಾಕ್ಷ್ಯವಿಲ್ಲದ ಜಾಗದಲ್ಲಿ ತುಂಬಿದ್ದ ಊಹೆಗಳು. ಮೂಳೆಗಳನ್ನು ಜೋಪಾನವಾಗಿ ಇಟ್ಟು, ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದರಿಂದಲೇ ಮುಂದಿನವರು ತಪ್ಪನ್ನು ತಿದ್ದಲು ಸಾಧ್ಯವಾಯಿತು.

ಇತ್ತೀಚಿನ ಒಂದು ಬದಲಾವಣೆಯನ್ನೂ ಹೇಳಿ ಮುಗಿಸುತ್ತೇವೆ. ಒಂದು ಪ್ರಾಣಿಗೆ ವೈಜ್ಞಾನಿಕ ಹೆಸರು ಇಟ್ಟರೆ, ಆ ಹೆಸರಿಗೆ ಆಧಾರವಾಗಿ ಒಂದು ಮಾದರಿ ಬೇಕು. ಬಿಡಿ ಹಲ್ಲುಗಳಿಂದ ಜಾತಿಯನ್ನು ಖಚಿತವಾಗಿ ಗುರುತಿಸುವುದು ಕಷ್ಟವಾದ್ದರಿಂದ, 2000ನೇ ಇಸವಿಯಲ್ಲಿ ಪ್ರಾಣಿಗಳ ಹೆಸರುಗಳನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಆಯೋಗ ಇಗ್ವಾನೊಡಾನ್ ಹೆಸರನ್ನು ಬೆಲ್ಜಿಯಂನ ಅಸ್ಥಿಪಂಜರಗಳಿಗೆ ಕಟ್ಟಿತು. ಮ್ಯಾಂಟೆಲ್ ಹೆಸರು ಕೊಟ್ಟ ಹಲ್ಲುಗಳು ಈಗ ಆ ಹೆಸರಿಗೆ ಆಧಾರವಲ್ಲ. 2007ರಲ್ಲಿ ಇಂಗ್ಲೆಂಡಿನ ಇನ್ನೊಂದು ಡೈನೋಸಾರ್‌ಗೆ ಮ್ಯಾಂಟೆಲಿಸಾರಸ್ ಎಂದು ಹೆಸರಿಟ್ಟರು. ಮೇಡ್‌ಸ್ಟನ್‌ನ ಹಾಸುಗಲ್ಲಿನ ಮೂಳೆಗಳೂ ಆ ಪ್ರಾಣಿಯವೇ ಎನ್ನುವ ವಿಜ್ಞಾನಿಗಳಿದ್ದಾರೆ.

ಇನ್ನು ಮೊದಲ ಹಲ್ಲುಗಳು? ಹೆಚ್ಚಿನವು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಒಂದು ಹಲ್ಲು ಮಗ ವಾಲ್ಟರ್ ಮೂಲಕ ನ್ಯೂಜಿಲೆಂಡಿಗೆ ಹೋಗಿ, ಈಗ ವೆಲಿಂಗ್ಟನ್‌ನ ಟೆ ಪಾಪಾ ಮ್ಯೂಸಿಯಂನಲ್ಲಿದೆ. ಅದನ್ನು ಕಂಡವರು ಮೇರಿ ಆನ್ ಆಗಿರಬಹುದು, ಮ್ಯಾಂಟೆಲ್ ಆಗಿರಬಹುದು, ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ ಒಬ್ಬ ಕೂಲಿಯಾಳು ಆಗಿರಬಹುದು. ಅದರ ತೇದ ಮೇಲ್ಭಾಗದಲ್ಲಿ, 13 ಕೋಟಿ ವರ್ಷಗಳ ಹಿಂದೆ ಸಸೆಕ್ಸ್‌ನ ನದಿ ಬಯಲಲ್ಲಿ ಅಗಿದ ಸೊಪ್ಪಿನ ಗುರುತು ಈಗಲೂ ಇದೆ.